ಮನೆಮಂದಿಗೂ ಒಗ್ಗುವ ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದಲ್ಲಿ ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್ ಎನ್ನಬಹುದಾದ ಕಾರುಗಳು ಯಾವುವು?

ನಾಲ್ಕು ಮೀಟರಿಗಿಂತ ಚಿಕ್ಕದಾದ, ಪೇಟೆಯ ಗಲ್ಲಿಗಳಲ್ಲಿ ಸಲೀಸಾಗಿ ತಿರುಗುವ ಮಾಮೂಲಿ ಕಾರಿಗೆ ಅದರ ಗಾತ್ರವನ್ನು ಮೀರಿದ ಎಂಜಿನ್ ಕೂರಿಸಿದರೆ ಸಿಗುವ ವಾಹನವನ್ನೇ ಇಲ್ಲಿ ಈ ಹೆಸರಿನಿಂದ ಕರೆಯಲಾಗಿದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂದು ಸಾಮಾನ್ಯವಾಗಿ ಕೈಗೆ ಸಿಗುವವು ಇಷ್ಟು: ಫೋಕ್ಸ್‌ವ್ಯಾಗನ್ ಪೋಲೋದ ಜಿಟಿ ಟಿಎಸ್‌ಐ ಮತ್ತು 2020ರ ನಂತರದ 1.0 ಟಿಎಸ್‌ಐ, ಮಾರುತಿ ಬಲೆನೊ ಆರ್‌ಎಸ್, ಹ್ಯುಂಡೈ ಐ20 ಎನ್ ಲೈನ್, ಟಾಟಾ ಆಲ್ಟ್ರೋಜ್‌ನ ಐಟರ್ಬೊ ಮತ್ತು ರೇಸರ್, ಟಾಟಾ ಟಿಯಾಗೊ ಜೆಟಿಪಿ, ಫಿಯೆಟ್ ಅಬಾರ್ತ್ ಪುಂಟೊ, ಫೋರ್ಡ್ ಫಿಗೊದ 1.5 ಡೀಸೆಲ್, ಮತ್ತು ಆ ಹೆಸರನ್ನು ತಾನಾಗಿ ಹೇಳಿಕೊಳ್ಳದಿದ್ದರೂ ಆ ಸಾಲಿಗೆ ಸೇರಬಹುದಾದ ಸಿಟ್ರೊಯೆನ್ ಸಿ3 ಟರ್ಬೊ. ಯುರೋಪಿನ ರಸಿಕರು ಇವುಗಳಲ್ಲಿ ಅರ್ಧಕ್ಕರ್ಧವನ್ನು ನಿಜವಾದ ‘ಹಾಟ್’ ಹ್ಯಾಚ್ ಅಲ್ಲ, ‘ಬೆಚ್ಚಗಿನ’ ಹ್ಯಾಚ್‌ಬ್ಯಾಕ್ ಎಂದು ಕರೆದು ಸುಮ್ಮನಾಗುತ್ತಾರೆ. ನಮ್ಮ ರಸ್ತೆಗಳಿಗೂ ಒಂದು ಸಂಸಾರದ ಅಗತ್ಯಕ್ಕೂ ಬೆಚ್ಚಗಿರುವುದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇಷ್ಟು ಕಡಿಮೆ ಆಯ್ಕೆಗಳು ಏಕೆ? ಎಲ್ಲ ಎಂಜಿನ್ನುಗಳೂ ಚಿಕ್ಕವೇಕೆ?

ಇದಕ್ಕೆ ಕಾರಣ ತೆರಿಗೆ. ಉದ್ದ ನಾಲ್ಕು ಮೀಟರಿನೊಳಗೆ ಇದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದಿದ್ದರೆ ಮಾತ್ರ ಅದು ‘ಸಣ್ಣ ಕಾರು’ ಎಂಬ ನಿಯಮ ಬಹುಕಾಲದಿಂದ ಇರುವುದರಿಂದ, ಕಂಪನಿಗಳು ಹೆಚ್ಚಿನ ಬಲವನ್ನು ದೊಡ್ಡ ಎಂಜಿನ್ನಿನಿಂದ ಪಡೆಯುವ ಬದಲು ಒಂದು ಲೀಟರಿನ ಆಸುಪಾಸಿನ ಮೂರು ಸಿಲಿಂಡರಿನ ಎಂಜಿನ್ನಿಗೆ, ಒಳಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಜೋಡಿಸಿ ಪಡೆದವು. 1.4 ಲೀಟರಿನ ಅಬಾರ್ತ್ ಪುಂಟೊ ಈ ಗಡಿಯ ಹೊರಗೆ ನಿಂತು ಹೆಚ್ಚಿನ ತೆರಿಗೆ ತೆತ್ತಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪ್ರತಿಶತಕ್ಕೆ ಇಳಿದಿರುವುದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಮುಖ್ಯವಾದ ಸಂಗತಿ. ಹೊಸ ಕಾರಿನ ಬೆಲೆಯೇ ಇಳಿದಾಗ ಎರಡು ವರ್ಷ ಹಳೆಯ ಕಾರಿಗೆ ಹಿಂದಿನ ಬೆಲೆಯನ್ನೇ ಹೇಳುವ ಮಾರಾಟಗಾರರೊಡನೆ ಚೌಕಾಸಿ ಮಾಡಲು ಇದು ಒಳ್ಳೆಯ ಆಧಾರ.

ಸಂಸಾರಕ್ಕೆ ಎಷ್ಟು ಪಿಎಸ್ ಬೇಕು?

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಪಿಎಸ್‌ಗಿಂತ (ಎಂಜಿನ್ನಿನ ಗರಿಷ್ಠ ಬಲದ ಅಳತೆ), ಎಂಜಿನ್ ಕಡಿಮೆ ವೇಗದಲ್ಲಿ ತಿರುಗುತ್ತಿರುವಾಗಲೇ ಸಿಗುವ ಟಾರ್ಕ್ (ಎನ್‌ಎಂನಲ್ಲಿ ಅಳೆಯುವ ಎಳೆತ) ನಿಮಗೆ ಮುಖ್ಯ. ಐದು ಜನ, ಡಿಕ್ಕಿಯ ತುಂಬ ಊರಿನಿಂದ ತಂದ ತೆಂಗಿನಕಾಯಿ ಮತ್ತು ಅಕ್ಕಿ, ಎಸಿ ಚಾಲೂ, ಮುಂದೆ ತೆವಳುವ ಲಾರಿ: ಶಿರಾಡಿ ಘಾಟಿಯಲ್ಲಿ ಈ ಸ್ಥಿತಿಯಲ್ಲಿ ಸಾಮಾನ್ಯ 1.2 ಲೀಟರಿನ ಕಾರು ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತದೆ, 170 ಎನ್‌ಎಂ ಆಸುಪಾಸಿನ ಟಾರ್ಕ್ ಇರುವ ಟರ್ಬೊ ಕಾರು ಮೂರನೆಯ ಗೇರಿನಲ್ಲೇ ಶಾಂತವಾಗಿ ದಾಟಿಕೊಂಡು ಹೋಗುತ್ತದೆ. ಲಾರಿಯನ್ನು ಹಿಂದಿಕ್ಕುವಾಗ ಎದುರು ಪಥದಲ್ಲಿ ಕಳೆಯುವ ಸಮಯ ಕಡಿಮೆಯಾಗುವುದನ್ನು ನಾನು ಸುರಕ್ಷತೆಯ ಲೆಕ್ಕಕ್ಕೇ ಸೇರಿಸುತ್ತೇನೆ.

100ರಿಂದ 120 ಪಿಎಸ್ ಮತ್ತು 150 ಎನ್‌ಎಂಗೆ ಮೇಲ್ಪಟ್ಟ ಟಾರ್ಕ್ ಸಂಸಾರಕ್ಕೆ ಧಾರಾಳವಾಯಿತು. ಪೋಲೋ 1.0 ಟಿಎಸ್‌ಐನಲ್ಲಿ 110 ಪಿಎಸ್ ಮತ್ತು 175 ಎನ್‌ಎಂ, ಐ20 ಎನ್ ಲೈನ್‌ನಲ್ಲಿ 120 ಪಿಎಸ್ ಮತ್ತು 172 ಎನ್‌ಎಂ, ಆಲ್ಟ್ರೋಜ್ ರೇಸರಿನಲ್ಲಿ 120 ಪಿಎಸ್ ಮತ್ತು 170 ಎನ್‌ಎಂ ಇದೆ. ಆಲ್ಟ್ರೋಜ್ ಐಟರ್ಬೊ 110 ಪಿಎಸ್ ಎಂದು ಹೇಳಿಕೊಂಡರೂ ಅದರ ಟಾರ್ಕ್ 140 ಎನ್‌ಎಂ ಮಾತ್ರ. ಓಡಿಸಿ ನೋಡಿದವರಿಗೆ ಈ ವ್ಯತ್ಯಾಸ ಮೊದಲ ಏರಿನಲ್ಲೇ ತಿಳಿಯುತ್ತದೆ.

ಹಿಂದಿನ ಸೀಟು ಸಾಕಾಗುತ್ತದೆಯೇ ಎಂದು ಹೇಗೆ ಪರೀಕ್ಷಿಸಬೇಕು?

ಕೊಳ್ಳುವವರು ಅತಿ ಹೆಚ್ಚು ಉದಾಸೀನ ಮಾಡುವುದು ಇದನ್ನೇ, ಮತ್ತು ಮೂರೇ ತಿಂಗಳಲ್ಲಿ ಕಾರನ್ನು ಮತ್ತೆ ಮಾರುವಂತೆ ಮಾಡುವುದೂ ಬಹುಪಾಲು ಇದೇ. ಟೆಸ್ಟ್ ಡ್ರೈವ್‌ಗೆ ಗೆಳೆಯನನ್ನು ಕರೆದುಕೊಂಡು ಹೋಗುವ ಬದಲು ಮನೆಯಲ್ಲಿ ಮಂಡಿನೋವು ಇರುವ ಹಿರಿಯರನ್ನು ಕರೆದುಕೊಂಡು ಹೋಗಿ. ಅವರು ಬಾಗಿಲು ತೆರೆದು, ಸೀಟಿನ ಮೇಲೆ ಕುಳಿತು, ಕಾಲುಗಳನ್ನು ಒಳಗೆಳೆದುಕೊಂಡು, ಮತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿಯಲಿ. ಆ ಎರಡು ನಿಮಿಷದಲ್ಲಿ ತಿಳಿಯುವುದು ಯಾವ ವಿಮರ್ಶೆಯಲ್ಲೂ ಸಿಗುವುದಿಲ್ಲ. ಆಲ್ಟ್ರೋಜ್‌ನ ಬಾಗಿಲುಗಳು 90 ಡಿಗ್ರಿಯಷ್ಟು ತೆರೆದುಕೊಳ್ಳುತ್ತವೆ. ಕಂಪನಿ ಅದನ್ನು ಜಾಹೀರಾತಿಗಾಗಿ ಹೇಳಿಕೊಂಡಿದ್ದರೂ, ಅಜ್ಜಿಯನ್ನು ಕೂರಿಸುವಾಗ ಅಥವಾ ನಿದ್ದೆಹೋದ ಮಗುವನ್ನು ಎತ್ತಿಕೊಳ್ಳುವಾಗ ಅದು ನಿಜಕ್ಕೂ ದೊಡ್ಡ ಉಪಕಾರ.

ಎರಡನೆಯ ಪರೀಕ್ಷೆಗೆ, ಮುಂದಿನ ಸೀಟನ್ನು ನೀವು ನಿಜವಾಗಿ ಓಡಿಸುವ ಸ್ಥಾನಕ್ಕೆ ಹೊಂದಿಸಿ ಅದರ ಹಿಂದೆ ನೀವೇ ಕುಳಿತುಕೊಳ್ಳಿ. ಪೋಲೋದಲ್ಲಿ ಆರಡಿಯ ಚಾಲಕನ ಹಿಂದೆ ಆರಡಿಯವರು ಕೂರುವುದು ಕಷ್ಟ. ಆ ಕಾರನ್ನು ಎಷ್ಟೇ ಪ್ರೀತಿಸುವವರೂ ಇದನ್ನು ಒಪ್ಪಿಕೊಳ್ಳಬೇಕು. 2580 ಮಿಲಿಮೀಟರ್ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಇರುವ ಐ20 ಮತ್ತು 2520 ಮಿಲಿಮೀಟರಿನ ಬಲೆನೊ ಈ ವಿಷಯದಲ್ಲಿ ಉದಾರಿಗಳು. ಆದರೆ ಎನ್ ಲೈನ್ ಮತ್ತು ರೇಸರ್‌ಗಳ ಒಳಾಂಗಣ ಪೂರ್ತಿ ಕಪ್ಪು. ಪುಟ್ಟ ಕಿಟಕಿ ಮತ್ತು ಕಪ್ಪು ಛಾವಣಿಯ ಕೆಳಗೆ ಕುಳಿತ ಮಕ್ಕಳಿಗೆ ಹೊರಗಿನ ನೋಟ ಕಾಣದೆ ವಾಂತಿ ಬರುವ ಸಂಭವ ಹೆಚ್ಚು ಎಂಬುದನ್ನು ಘಾಟಿಯಲ್ಲಿ ಪಾಲಿಥಿನ್ ಚೀಲ ಹಿಡಿದು ಕುಳಿತ ಯಾವ ತಾಯಿಯಾದರೂ ಹೇಳಬಲ್ಲಳು.

ಡಿಕ್ಕಿಯ ಮಾತಿಗೆ ಬಂದರೆ, ಆಲ್ಟ್ರೋಜ್‌ನಲ್ಲಿ 345 ಲೀಟರ್, ಬಲೆನೊದಲ್ಲಿ 339, ಐ20ಯಲ್ಲಿ 311, ಟಿಯಾಗೊದಲ್ಲಿ 242 ಲೀಟರ್ ಜಾಗವಿದೆ. ಮಡಚುವ ಸ್ಟ್ರಾಲರ್ ಇರುವ ಮನೆಯವರು ಅದನ್ನು ಹೊತ್ತುಕೊಂಡೇ ಕಾರು ನೋಡಲು ಹೋಗುವುದು ಒಳ್ಳೆಯದು. ಡಿಕ್ಕಿಯ ಬಾಯಿ ಎತ್ತರದಲ್ಲಿದ್ದರೆ ಅಕ್ಕಿಮೂಟೆಯನ್ನು ಎತ್ತಿ ಇಳಿಸುವವರ ಸೊಂಟಕ್ಕೆ ಅದರ ಲೆಕ್ಕ ತಿಳಿಯುತ್ತದೆ.

ಮಗುವಿನ ಸೀಟು ಮತ್ತು ಸುರಕ್ಷತೆಯ ಬಗ್ಗೆ ಏನನ್ನು ಗಮನಿಸಬೇಕು?

ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಕರೆದೊಯ್ದರೆ 1000 ರೂಪಾಯಿ ದಂಡವಿದೆ. ಮಗುವಿನ ಸೀಟನ್ನು ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಇವೆಯೇ ಎಂದು ಮಾರಾಟಗಾರರನ್ನು ಕೇಳುವುದಕ್ಕಿಂತ, ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಗೆ ಕೈಹಾಕಿ ಉಕ್ಕಿನ ಬಳೆಗಳು ಬೆರಳಿಗೆ ತಾಗುತ್ತವೆಯೇ ಎಂದು ನೋಡಿ. ಒಂದೇ ಮಾದರಿಯಲ್ಲೂ ವರ್ಷ ಮತ್ತು ವೇರಿಯಂಟ್‌ಗೆ ತಕ್ಕಂತೆ ಇದು ಬದಲಾಗುತ್ತದೆ.

ಚಾಲಕನ ಏರ್‌ಬ್ಯಾಗ್ ಎಲ್ಲ ಕಾರುಗಳಲ್ಲೂ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕಿಂತ ಹಳೆಯ ಕಾರಾದರೆ ಏನೇನಿದೆ ಎಂಬುದನ್ನು ಸ್ಟಿಕ್ಕರು ನೋಡಿ ನಂಬದೆ, ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರುತ್ತದೆಯೇ ಎಂದು ಪರೀಕ್ಷಿಸಬೇಕು. ದೀಪ ಹೊತ್ತಿಯೇ ಇದ್ದರೆ ದೋಷವಿದೆ. ಹೊತ್ತದೇ ಇದ್ದರೆ ಹಿಂದೊಮ್ಮೆ ಅಪಘಾತದಲ್ಲಿ ಏರ್‌ಬ್ಯಾಗ್ ಸಿಡಿದು, ಹೊಸದನ್ನು ಹಾಕಿಸದೆ ದೀಪದ ತಂತಿ ಕತ್ತರಿಸಿರುವ ಅನುಮಾನ ಬರಬೇಕು.

ಕ್ರ್ಯಾಶ್ ಟೆಸ್ಟಿನ ತಾರೆಗಳನ್ನು ಹೋಲಿಸುವಾಗ ಇಸವಿಯನ್ನೂ ಗಮನಿಸಿ. ಪೋಲೋ 2014ರಲ್ಲಿ, ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಸಂಸ್ಥೆಯಾದ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಎರಡು ಏರ್‌ಬ್ಯಾಗುಗಳೊಂದಿಗೆ 4 ತಾರೆ ಪಡೆಯಿತು, ಆಲ್ಟ್ರೋಜ್ 2020ರಲ್ಲಿ ವಯಸ್ಕರ ರಕ್ಷಣೆಗೆ 5 ತಾರೆ ಪಡೆಯಿತು, ಎರಡು ಏರ್‌ಬ್ಯಾಗಿನ ಐ20 ಮೂರಕ್ಕೆ ನಿಂತಿತು. 2022ರಲ್ಲಿ ಪರೀಕ್ಷೆಯ ನಿಯಮಗಳೇ ಬಿಗಿಯಾದದ್ದರಿಂದ ಹಳೆಯ ತಾರೆಗಳನ್ನೂ ಹೊಸ ತಾರೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಸಸ್ಪೆನ್ಷನ್ ಗಟ್ಟಿಯಾಗಿದ್ದರೆ ಮನೆಯವರಿಗೆ ತೊಂದರೆಯಾಗುವುದಿಲ್ಲವೇ?

ಆಗುತ್ತದೆ, ಆದರೆ ಎಲ್ಲ ಕಾರುಗಳಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ. ಐ20 ಎನ್ ಲೈನ್‌ನ ಸಸ್ಪೆನ್ಷನ್ ಮಾಮೂಲಿ ಐ20ಗಿಂತ ಬಿಗಿ. ಅಬಾರ್ತ್ ಪುಂಟೊ ಇನ್ನೂ ಬಿಗಿ, ಅದರ ನೆಲದಂತರವೂ 155 ಮಿಲಿಮೀಟರ್ ಮಾತ್ರವಾದ್ದರಿಂದ ಬಡಾವಣೆಯವರೇ ಸಿಮೆಂಟು ಕಲಸಿ ಕಟ್ಟಿದ ಹಂಪುಗಳ ಮೇಲೆ ಪೂರ್ತಿ ತುಂಬಿದ ಕಾರು ಹೊಟ್ಟೆ ಉಜ್ಜಿಸಿಕೊಳ್ಳಬಹುದು. ಎಲ್ಲರಿಗಿಂತ ಮೃದುವಾಗಿ ಸಾಗುವುದು 180 ಮಿಲಿಮೀಟರ್ ನೆಲದಂತರದ ಸಿಟ್ರೊಯೆನ್ ಸಿ3. 110 ಪಿಎಸ್, 190 ಎನ್‌ಎಂ, ಜೊತೆಗೆ ಗುಂಡಿಗಳನ್ನು ನುಂಗುವ ಸಸ್ಪೆನ್ಷನ್ ಎಂದರೆ ಸಂಸಾರಕ್ಕೆ ಇದೇ ಉತ್ತರ ಎನ್ನಬಹುದಿತ್ತು. ಆದರೆ ಇದೇ ಕಾರಿನ ವಿದ್ಯುತ್ ಆವೃತ್ತಿಯಾದ ಇಸಿ3 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಒಂದೂ ತಾರೆ ಗಳಿಸಲಿಲ್ಲ, ಹಾಗಾಗಿ ಎರಡೇ ಏರ್‌ಬ್ಯಾಗಿನ ಮೊದಲ ವರ್ಷಗಳ ಸಿ3ಯನ್ನು ಮಕ್ಕಳಿರುವ ಮನೆಗೆ ಶಿಫಾರಸು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಟೆಸ್ಟ್ ಡ್ರೈವ್‌ನಲ್ಲಿ ಹತ್ತು ನಿಮಿಷ ನೀವು ಹಿಂದೆ ಕುಳಿತು ಬೇರೆಯವರಿಂದ ಓಡಿಸಿ. ಸ್ಟಿಯರಿಂಗ್ ಹಿಡಿದವರಿಗೆ ಬಿಗಿ ಸಸ್ಪೆನ್ಷನ್ ಹಿತವಾಗಿಯೇ ಕಾಣುತ್ತದೆ.

ಗೇರ್‌ಬಾಕ್ಸ್ ಯಾವುದಿರಬೇಕು? ಡಿಎಸ್‌ಜಿ ಬಗ್ಗೆ ಇಷ್ಟೊಂದು ಹೆದರಿಕೆ ಏಕೆ?

2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐನ 1.2 ಲೀಟರ್ ಎಂಜಿನ್ನಿಗೆ ಜೋಡಿಸಿದ್ದು ಡಿಕ್ಯೂ200 ಎಂಬ ಏಳು ಗೇರುಗಳ ಡಿಎಸ್‌ಜಿ, ಅಂದರೆ ಫೋಕ್ಸ್‌ವ್ಯಾಗನ್ನಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇದರಲ್ಲಿ ಎರಡು ಕ್ಲಚ್‌ಗಳಿವೆ, ಅವೆರಡೂ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್‌ಗಳು. ತೆರೆದ ರಸ್ತೆಯಲ್ಲಿ ಇದರಷ್ಟು ಚುರುಕಾಗಿ ಗೇರು ಬದಲಿಸುವ ಯಂತ್ರ ಆ ಬೆಲೆಗೆ ಇರಲಿಲ್ಲ ಎಂಬುದು ನಿಜ. ಆದರೆ ಸಿಲ್ಕ್ ಬೋರ್ಡ್‌ನಂಥ ಕಡೆ ಅರ್ಧ ಗಂಟೆ ತೆವಳುತ್ತ ನಿಲ್ಲುವಾಗ ಆ ಕ್ಲಚ್‌ಗಳು ಅರೆಬರೆ ಹಿಡಿದ ಸ್ಥಿತಿಯಲ್ಲೇ ಉಜ್ಜಿಕೊಂಡು ಬಿಸಿಯೇರುತ್ತವೆ, ಮತ್ತು ಅವನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೈಕೊಡುವುದು ಈ ಗೇರ್‌ಬಾಕ್ಸಿನ ಜಗತ್ಪ್ರಸಿದ್ಧ ದೌರ್ಬಲ್ಯ. ಚೀನಾದಲ್ಲಿ 2013ರಲ್ಲಿ ಡಿಎಸ್‌ಜಿ ದೋಷದ ಕಾರಣಕ್ಕೇ ಮೂರೂವರೆ ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ವಾರಂಟಿ ಮುಗಿದ ಕಾರಿನಲ್ಲಿ ಈ ದುರಸ್ತಿ ಲಕ್ಷಗಳ ಮಾತು.

ಹಾಗೆಂದು ಪ್ರತಿಯೊಂದು ಡಿಎಸ್‌ಜಿ ಕಾರೂ ಕೆಟ್ಟದ್ದಲ್ಲ. ಮೆಕಾಟ್ರಾನಿಕ್ ಬದಲಾಯಿಸಿದ ಬಿಲ್ಲು ಇರುವ ಕಾರು ಬದಲಾಯಿಸದ ಕಾರಿಗಿಂತ ಉತ್ತಮ ಎಂದೇ ನಾನು ಎಣಿಸುತ್ತೇನೆ. ಪರೀಕ್ಷಿಸುವ ವಿಧಾನ ಹೀಗಿದೆ: ಕಾರು ಪೂರ್ತಿ ಬಿಸಿಯಾದ ಮೇಲೆ ಸಣ್ಣ ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ತೆವಳಲು ಬಿಡಿ. ಒಂದರಿಂದ ಎರಡನೆಯ ಗೇರಿಗೂ, ನಿಲ್ಲುವಾಗ ಎರಡರಿಂದ ಒಂದಕ್ಕೂ ಬರುವಾಗ ನಡುಕ, ಟಣ್ ಎಂಬ ಸದ್ದು ಅಥವಾ ಒಂದು ಕ್ಷಣದ ತಡೆ ಕಂಡರೆ ಆ ಕಾರನ್ನು ಬಿಡಿ. ಮೀಟರಿನಲ್ಲಿ ಗೇರಿನ ಸಂಕೇತ ಮಿಣುಕಿದರಂತೂ ಎರಡನೆಯ ಮಾತೇ ಬೇಡ.

ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ. 2020ರಲ್ಲಿ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮದೊಂದಿಗೆ ಪೋಲೋಗೆ 1.0 ಟಿಎಸ್‌ಐ ಬಂದಾಗ ಜಿಟಿಯಲ್ಲಿದ್ದ ಡಿಎಸ್‌ಜಿಯನ್ನು ಕೈಬಿಟ್ಟು, ಆರು ಗೇರುಗಳ ಸಾಂಪ್ರದಾಯಿಕ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಕೊಡಲಾಯಿತು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನವೂ ಓಡಾಡಿ, ತಿಂಗಳಿಗೊಮ್ಮೆ ಊರಿಗೆ ಹೋಗುವವರಿಗೆ ಈ ಗೇರ್‌ಬಾಕ್ಸಿನ ಪೋಲೋ ಹುಡುಕಿದಷ್ಟೂ ಲಾಭವೇ. ಅದೇ ಎಂಜಿನ್ನಿನ ಆರು ಗೇರಿನ ಮ್ಯಾನ್ಯುವಲ್ ಇನ್ನೂ ಸರಳ.

ಐ20 ಎನ್ ಲೈನ್‌ನ ಏಳು ಗೇರಿನ ಡಿಸಿಟಿ ಎಂಬ ಆಟೊಮ್ಯಾಟಿಕ್‌ನಲ್ಲಿರುವುದೂ ಒಣ ಕ್ಲಚ್‌ಗಳೇ, ಆದ್ದರಿಂದ ಅಲ್ಲಿಯೂ ಇದೇ ತೆವಳುವ ಪರೀಕ್ಷೆ ಮಾಡಿ. 2021ರಿಂದ 2023ರ ಬದಲಾವಣೆಯವರೆಗೆ ಅದರಲ್ಲಿ ಡಿಸಿಟಿಗೆ ಪರ್ಯಾಯವಾಗಿದ್ದದ್ದು ಕ್ಲಚ್ ಪೆಡಲ್ ಇಲ್ಲದ, ಗೇರನ್ನು ಮಾತ್ರ ಕೈಯಿಂದ ಬದಲಿಸುವ ಐಎಂಟಿ. ಇದು ಉತ್ಸಾಹಿಗಳಿಗೆ ಹಿಡಿಸಲಿಲ್ಲ. ಗಂಡ ಹೆಂಡತಿ ಇಬ್ಬರೂ ಓಡಿಸುವ ಮನೆಗಳಲ್ಲಿ ಇದಕ್ಕೆ ಮೆಚ್ಚುಗೆ ಸಿಗುವುದನ್ನು ಕಂಡಿದ್ದೇನೆ.

ಬಲೆನೊ ಆರ್‌ಎಸ್, ಟಿಯಾಗೊ ಜೆಟಿಪಿಗಳನ್ನು ಈಗ ಕೊಳ್ಳಬಹುದೇ?

2017ರಲ್ಲಿ ಬಂದ ಬಲೆನೊ ಆರ್‌ಎಸ್ ಈ ಪಟ್ಟಿಯ ಅತ್ಯಂತ ವಿವೇಕದ ಕಾರು, ಮತ್ತು ಬಹುಶಃ ಅದೇ ಕಾರಣಕ್ಕೆ ಅತ್ಯಂತ ಕಡಿಮೆ ಮೆರೆದ ಕಾರೂ ಹೌದು. 102 ಪಿಎಸ್, 150 ಎನ್‌ಎಂ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಸುಮಾರು 950 ಕಿಲೋ ತೂಕ, ಮತ್ತು ಹಿಂದೆ ಕೂರುವವರಿಗೆ ಎಲ್ಲಕ್ಕಿಂತ ಧಾರಾಳವಾದ ಜಾಗಗಳಲ್ಲೊಂದು. ಮೈಯ ಬಿಡಿಭಾಗಗಳು ಮಾಮೂಲಿ ಬಲೆನೊದವೇ ಆದ್ದರಿಂದ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ. ಆದರೆ ಬೂಸ್ಟರ್‌ಜೆಟ್ ಎಂಬ ಟರ್ಬೊ ಎಂಜಿನ್ನಿನ ಈ ಬಲೆನೊ ಬಿಎಸ್6ಗೆ ಏರದೆ ನಿಂತುಹೋಯಿತು, ಹಾಗಾಗಿ ಎಂಜಿನ್ನಿಗೆ ಸಂಬಂಧಿಸಿದ ಯಾವ ಭಾಗ ಎಷ್ಟು ದಿನದಲ್ಲಿ ಬರುತ್ತದೆ ಎಂದು ನಿಮ್ಮ ಊರಿನ ಸರ್ವಿಸ್ ಸೆಂಟರಿನಲ್ಲಿ ಕೊಳ್ಳುವ ಮೊದಲೇ ವಿಚಾರಿಸಿ.

ಟಾಟಾ ಮತ್ತು ಕೊಯಮತ್ತೂರಿನ ಜೇಯೆಮ್ ಸೇರಿ 2018ರಲ್ಲಿ ತಂದ ಟಿಯಾಗೊ ಜೆಟಿಪಿ 114 ಪಿಎಸ್‌ನ ತುಂಟ ಕಾರು. ಇಬ್ಬರು ದೊಡ್ಡವರು, ಒಂದು ಪುಟ್ಟ ಮಗು ಇರುವ ಮನೆಗೆ ಸರಿ. ಇಬ್ಬರು ಬೆಳೆದ ಮಕ್ಕಳಿದ್ದರೆ ಚಿಕ್ಕದಾಯಿತು. ಅದಕ್ಕೆಂದೇ ಮಾಡಿದ ಬಂಪರು, ಬಾನೆಟ್ಟುಗಳು ಮಾಮೂಲಿ ಟಿಯಾಗೊದವಲ್ಲ ಎಂಬುದನ್ನು ನೆನಪಿಡಿ.

ಅಬಾರ್ತ್ ಪುಂಟೊ, ಫೋರ್ಡ್ ಫಿಗೊ: ಕಂಪನಿಯೇ ಇಲ್ಲದ ಕಾರು ಕೊಳ್ಳುವುದು ಹುಚ್ಚುತನವೇ?

ಎರಡನ್ನೂ ಒಂದೇ ಗಂಟಿಗೆ ಕಟ್ಟುವುದು ನ್ಯಾಯವಲ್ಲ. 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಫೋರ್ಡ್, ಸರ್ವಿಸ್ ಮತ್ತು ಬಿಡಿಭಾಗಗಳ ಪೂರೈಕೆಯನ್ನು ಮುಂದುವರಿಸಿದೆ. 100 ಪಿಎಸ್, 215 ಎನ್‌ಎಂನ ಫಿಗೊ ಡೀಸೆಲ್, ವಾರಕ್ಕೆ ಎರಡು ಬಾರಿ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಓಡಾಡುವವರಿಗೆ ಇಂದಿಗೂ ಹಣದ ಬೆಲೆ ತಿಳಿದ ಕಾರು.

145 ಪಿಎಸ್‌ನ ಅಬಾರ್ತ್ ಪುಂಟೊ ಮಾತ್ರ ಮನೆಯ ಎರಡನೆಯ ಕಾರಾಗಿ ಇರಬೇಕಾದದ್ದು. 2015ರಲ್ಲಿ ಹತ್ತು ಲಕ್ಷದೊಳಗೆ ಅಷ್ಟು ಬಲದ ಕಾರು ಸಿಕ್ಕಿದ್ದೇ ಒಂದು ಪವಾಡ, ಅದರ ಸ್ಟಿಯರಿಂಗಿನ ಹಿತ ಇಂದಿನ ಕಾರುಗಳಲ್ಲಿಲ್ಲ. ಆದರೂ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಬೇಕಾದ ಏಕೈಕ ಕಾರು, ಒಂದು ಬಿಡಿಭಾಗಕ್ಕಾಗಿ ಮೂರು ವಾರ ಗ್ಯಾರೇಜಿನಲ್ಲಿ ನಿಂತರೆ ಆ ಹಿತವನ್ನು ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪೋಲೋ ಜಿಟಿಐ?

2016ರಲ್ಲಿ ಭಾರತಕ್ಕೆ ಬಂದದ್ದು 99 ಮಾತ್ರ, 192 ಪಿಎಸ್, ಮೂರೇ ಬಾಗಿಲು. ಹಿಂದಿನ ಸೀಟಿಗೆ ಮಗುವನ್ನು ಹತ್ತಿಸಲು ಮುಂದಿನ ಸೀಟು ಮಡಚಬೇಕು. ಸಂಗ್ರಹಕಾರರಿಗೆ ಬಿಟ್ಟುಬಿಡೋಣ.

ಮಾಡಿಫೈ ಮಾಡಿದ ಕಾರು ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ?

ಬೇಡ. ಈ ವರ್ಗದ ಕಾರುಗಳಲ್ಲಿ ನೀವು ಕೊಳ್ಳುವುದು ಕಾರನ್ನಷ್ಟೇ ಅಲ್ಲ, ಅದರ ಹಿಂದಿನ ಮಾಲೀಕನ ವಯಸ್ಸನ್ನೂ ಸ್ವಭಾವವನ್ನೂ ಸೇರಿಸಿ ಕೊಳ್ಳುತ್ತೀರಿ. ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ ಬಲ ಹೆಚ್ಚಿಸಿಕೊಂಡವರು ಮಾರುವ ಮುನ್ನ ಅದನ್ನು ಹಳೆಯ ಸ್ಥಿತಿಗೆ ತಂದಿಡುವುದು ಸಾಮಾನ್ಯ. ಆದರೆ ಆ ಅವಧಿಯಲ್ಲಿ ಕ್ಲಚ್ಚು, ಟರ್ಬೊ, ಗೇರ್‌ಬಾಕ್ಸುಗಳು ತಿಂದ ಪೆಟ್ಟು ಹಳೆಯ ಸ್ಥಿತಿಗೆ ಬರುವುದಿಲ್ಲ. ಫೋಕ್ಸ್‌ವ್ಯಾಗನ್ ಸಮೂಹದ ಸರ್ವಿಸ್ ದಾಖಲೆಯಲ್ಲಿ ರೀಮ್ಯಾಪ್ ಪತ್ತೆಯಾದ ಕಾರಿಗೆ ‘ಟಿಡಿ1’ ಎಂಬ ಗುರುತು ಬೀಳುತ್ತದೆ, ಆದ್ದರಿಂದ ಅಧಿಕೃತ ಕೇಂದ್ರದಲ್ಲಿ ಅದನ್ನು ಕೇಳಿ ತಿಳಿದುಕೊಳ್ಳಿ.

ಕಾನೂನಿನ ಮಾತೂ ಇದೆ. ಕಾರು ತಯಾರಾದಾಗ ಕಂಪನಿ ದಾಖಲಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ವಿಮಾ ಕಂಪನಿಯ ಸರ್ವೇಯರು ಮೊದಲು ನೋಡುವುದು ಇಂಥವನ್ನೇ. ಇನ್ನು 17 ಇಂಚಿನ ಅಲಾಯ್, ಕಿವಿಗಡಚಿಕ್ಕುವ ಸೈಲೆನ್ಸರ್ ಇದ್ದು ಟೈರುಗಳು ಬೋಳಾಗಿರುವ ಕಾರು ಕಂಡರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದವರ ಗಾದೆ ನೆನಪಾಗಲಿ.

ಕಾರು ನೋಡಲು ಹೋದಾಗ ನಾನೇ ಏನೇನು ಪರೀಕ್ಷಿಸಬಹುದು?

ಬೆಳಿಗ್ಗೆ ಹೋಗಿ, ಎಂಜಿನ್ ಚಾಲೂ ಮಾಡಿಡಬೇಡಿ ಎಂದು ಮೊದಲೇ ತಿಳಿಸಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಮಾರಾಟಗಾರರು ಏನನ್ನೋ ಮುಚ್ಚಿಟ್ಟಿದ್ದಾರೆ. ತಣ್ಣಗಿನ ಎಂಜಿನ್ ಮೊದಲ ಬಾರಿ ಚಾಲೂ ಆದಾಗ ಬರುವ ಕಟಕಟ ಸದ್ದು ಮತ್ತು ಸೈಲೆನ್ಸರಿನ ನೀಲಿ ಹೊಗೆ, ಬಿಸಿಯಾದ ಮೇಲೆ ಕಾಣುವುದಿಲ್ಲ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಟರ್ಬೊ ಕಾರಿನಲ್ಲಿ ಅದರ ಮೂಲ ಟರ್ಬೊದ ಸೀಲುಗಳೂ ಆಗಿರಬಹುದು.

ಓಡಿಸುವಾಗ ಮೂರನೆಯ ಗೇರಿನಲ್ಲಿ ಸುಮಾರು 1500 ಆರ್‌ಪಿಎಂನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಕ್ಲಚ್ ಮುಗಿದಿದೆ. ಎಳೆತ ಒಂದೇ ಸಮ ಬರದೆ ತಡವರಿಸಿದರೆ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಟಿಎಸ್‌ಐ, ಬೂಸ್ಟರ್‌ಜೆಟ್, ಹ್ಯುಂಡೈ ಟರ್ಬೊ ಎಂಜಿನ್ನುಗಳಲ್ಲಿ ವಾಲ್ವುಗಳ ಮೇಲೆ ಇಂಗಾಲ ಕಟ್ಟಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಲಿ ಪೆಟ್ರೋಲು ವಾಲ್ವುಗಳನ್ನು ತೊಳೆದುಕೊಂಡು ಒಳಹೋಗುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆಯಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ನಾಲ್ಕು ಟೈರುಗಳು ನಾಲ್ಕು ಕಂಪನಿಯವಾದರೆ ಆ ಮಾಲೀಕ ಬೇರೆಲ್ಲೂ ಹಣ ಖರ್ಚು ಮಾಡಿರಲಾರ. ಮೀಟರ್ 30 ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರು ಸವೆದು, ಸ್ಟಿಯರಿಂಗ್ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದರೆ ಮೀಟರನ್ನು ನಂಬಬೇಡಿ. ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಭೇಟಿಯ ಕಿಲೋಮೀಟರ್ ಬರೆದಿರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆಯೂ, 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಸ್ಟೆಪ್ನಿ ಎತ್ತಿ ಗುಂಡಿಯ ತಳ ನೋಡಿ. ನಾನು ಒಮ್ಮೆ ಮುಂಗಡ ಕೊಡಲು ಸಿದ್ಧನಾಗಿ ಹೋಗಿದ್ದ, ಫಳಫಳ ಹೊಳೆಯುತ್ತಿದ್ದ ಕಾರೊಂದರ ಬೆಲ್ಟಿನ ಕೊನೆಯ ಒಂದಡಿಯಲ್ಲಿ ಒಣಗಿದ ಕೆಸರಿನ ಗೆರೆಯಿತ್ತು. ಮಂಗಳೂರು, ಉಡುಪಿ ಕಡೆಯ ಕಾರಾದರೆ ಕೆಳಮೈಯ ತುಕ್ಕನ್ನು ಟಾರ್ಚ್ ಹಾಕಿ ನೋಡುವುದು ವಾಡಿಕೆ.

ಇಷ್ಟಾದ ಮೇಲೂ, ಆ ಬ್ರ್ಯಾಂಡ್ ತಿಳಿದ ಮೆಕ್ಯಾನಿಕ್ ಒಬ್ಬರಿಂದ ಲಿಫ್ಟಿಗೆ ಏರಿಸಿ, ಸ್ಕ್ಯಾನರ್ ಹಾಕಿಸಿ ನೋಡಿಸುವುದನ್ನು ತಪ್ಪಿಸಬೇಡಿ. ಮಾರಾಟಗಾರರು ಇದಕ್ಕೆ ಒಪ್ಪದಿದ್ದರೆ ಅದೇ ಉತ್ತರ.

ಕಾಗದಪತ್ರಗಳಲ್ಲಿ ಎಲ್ಲಿ ಎಡವುತ್ತಾರೆ? ಹೊರರಾಜ್ಯದ ಕಾರು ಲಾಭವೇ?

ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ಕಾರಿನ ನೋಂದಣಿ ದಾಖಲೆಯ ಪ್ರತಿ) ತೆಗೆಸಿದರೆ ಕಾರು ಎಷ್ಟು ಕೈ ಬದಲಾಗಿದೆ, ಸಾಲ ಇದೆಯೇ ಎಂಬುದು ತಿಳಿಯುತ್ತದೆ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ತಿಳಿಸಬೇಕು. ಬಾಕಿ ಟ್ರಾಫಿಕ್ ದಂಡಗಳನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳಿ. ಈ ಜಾತಿಯ ಕಾರುಗಳಿಗೆ ಅತಿವೇಗದ ದಂಡಗಳು ತುಸು ಹೆಚ್ಚೇ ಇರುತ್ತವೆ, ಅದರಲ್ಲೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳು ಬಂದ ಮೇಲೆ. ಆ ದಂಡಗಳ ಪಟ್ಟಿ ಹಿಂದಿನ ಮಾಲೀಕನ ಚಾಲನೆಯ ಜಾತಕವೂ ಹೌದು.

ದೆಹಲಿ ಪ್ರದೇಶದಲ್ಲಿ ಡೀಸೆಲ್ ಕಾರಿಗೆ 10, ಪೆಟ್ರೋಲ್ ಕಾರಿಗೆ 15 ವರ್ಷಗಳ ಮಿತಿ ಹೇರಿದ್ದರಿಂದ ಅಲ್ಲಿನ ಹಳೆಯ ಕಾರುಗಳು ಅಗ್ಗಕ್ಕೆ ಬರತೊಡಗಿದವು. ಆದರೆ ಅಲ್ಲಿಂದ ಫಾರಂ 28ರ ಎನ್‌ಒಸಿ ತಂದು, ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆಯುವ ಹೊತ್ತಿಗೆ ಉಳಿದ ಹಣ ಕರಗಿರುತ್ತದೆ. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲೊಂದು. ಲೆಕ್ಕವನ್ನು ಬ್ರೋಕರ್ ಬಾಯಿಂದ ಕೇಳದೆ ಆರ್‌ಟಿಒದಲ್ಲೇ ವಿಚಾರಿಸಿ.

ಬಿಎಸ್4 ಕಾರು ಕೊಂಡರೆ ಇ20 ಪೆಟ್ರೋಲ್‌ನಿಂದ ತೊಂದರೆಯೇ?

2023ರ ಏಪ್ರಿಲ್‌ನ ನಂತರ ತಯಾರಾದ ಕಾರುಗಳ ರಬ್ಬರು, ಪ್ಲಾಸ್ಟಿಕ್ ಭಾಗಗಳು 20 ಪ್ರತಿಶತ ಎಥೆನಾಲ್ ತಾಳುವಂತೆ ಇವೆ. ಅದಕ್ಕಿಂತ ಹಳೆಯವುಗಳಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಇಂಧನದ ಪೈಪು ಮತ್ತು ಸೀಲುಗಳನ್ನು ಸರ್ವಿಸಿನಲ್ಲಿ ಆಗಾಗ ನೋಡಿಸಬೇಕು. ಇಂಧನದ ಮುಚ್ಚಳದ ಒಳಗಿನ ಚೀಟಿ ಮತ್ತು ಮಾಲೀಕರ ಕೈಪಿಡಿಯಲ್ಲಿ ಎಷ್ಟು ಎಥೆನಾಲ್ ಸಲ್ಲುತ್ತದೆ ಎಂದು ಬರೆದಿರುತ್ತದೆ.

ವಿಮೆ ಮತ್ತು ದಿನನಿತ್ಯದ ಖರ್ಚು ಹೆಚ್ಚಾಗುವುದಿಲ್ಲವೇ?

ಥರ್ಡ್ ಪಾರ್ಟಿ ವಿಮೆಯ ಕಂತು ನಿರ್ಧಾರವಾಗುವುದು ಬಲದಿಂದಲ್ಲ, ಸಿಸಿಯಿಂದ. 2022ರಲ್ಲಿ ಜಾರಿಯಾದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ 2094 ರೂಪಾಯಿ, 1500 ಸಿಸಿವರೆಗೆ 3416 ರೂಪಾಯಿ. ಹೀಗಾಗಿ 998 ಸಿಸಿಯ ಐ20 ಎನ್ ಲೈನ್, 120 ಪಿಎಸ್ ಇದ್ದರೂ, 1.2 ಲೀಟರಿನ ಸಾಧುಕಾರುಗಳಿಗಿಂತ ಕಡಿಮೆ ಕಂತು ಕಟ್ಟುತ್ತದೆ. ಪರಿಹಾರ ಕೇಳದ ವರ್ಷಗಳಿಗಾಗಿ ವಿಮೆಯಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೈಮ್ ಬೋನಸ್ ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ. ಮಾರುವವರ ಬೋನಸ್ ನಿಮಗೆ ಬರುವುದಿಲ್ಲ, ನಿಮ್ಮ ಹಳೆಯ ಕಾರಿನದು ನಿಮ್ಮೊಂದಿಗೇ ಬರುತ್ತದೆ.

ಮೈಲೇಜ್ ಪೂರ್ತಿ ನಿಮ್ಮ ಬಲಗಾಲಿಗೆ ಬಿಟ್ಟದ್ದು. ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋದಾಗ ಮಾಮೂಲಿ ಕಾರಿನಷ್ಟೇ ಕೊಡುವ ಟರ್ಬೊ ಎಂಜಿನ್, ಪೇಟೆಯ ದಟ್ಟಣೆಯಲ್ಲಿ ಪದೇ ಪದೇ ಒತ್ತಿದರೆ ಒಂದಂಕಿಗೂ ಇಳಿಯುತ್ತದೆ. ಆಯಿಲ್ ಬದಲಾವಣೆಯನ್ನು ಕಿಲೋಮೀಟರ್ ಆಗಲಿಲ್ಲವೆಂದು ಮುಂದೂಡಬೇಡಿ, ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಮಾಡಿಸಿ. ಟರ್ಬೊ ಬದುಕುವುದು ಆ ಎಣ್ಣೆಯ ಮೇಲೆಯೇ.

ಕೊನೆಗೆ ಯಾವುದನ್ನು ಆರಿಸಲಿ?

ನಾಲ್ಕು ಜನರ ಮನೆಗೆ ಒಂದೇ ಕಾರು, ಪೇಟೆಯ ಓಡಾಟವೇ ಹೆಚ್ಚು ಎಂದಾದರೆ ಆರು ಏರ್‌ಬ್ಯಾಗುಗಳಿರುವ, 2023ರ ಬದಲಾವಣೆಯ ನಂತರದ ಐ20 ಎನ್ ಲೈನ್ ಮ್ಯಾನ್ಯುವಲ್ ನನ್ನ ಮೊದಲ ಆಯ್ಕೆ. ಮನೆಯಲ್ಲಿ ಹಿರಿಯರಿದ್ದರೆ, ಸಾಮಾನು ಹೆಚ್ಚಿದ್ದರೆ 2024ರ ಆಲ್ಟ್ರೋಜ್ ರೇಸರ್. ಬಜೆಟ್ ಇನ್ನೂ ಕಡಿಮೆಯಾದರೆ ಒಬ್ಬರೇ ಮಾಲೀಕರಿದ್ದ ಬಲೆನೊ ಆರ್‌ಎಸ್. ಮಕ್ಕಳು ಇನ್ನೂ ಚಿಕ್ಕವರು, ಹಿಂದೆ ದೊಡ್ಡವರು ಕೂರುವುದು ಅಪರೂಪ ಎಂದಾದರೆ ಮಾತ್ರ ಪೋಲೋ 1.0 ಟಿಎಸ್‌ಐ, 2022ರಲ್ಲಿ ತಯಾರಿಕೆ ನಿಂತ ಮೇಲೆ ಅದರ ಬೆಲೆ ಇಳಿಯಲು ಒಪ್ಪುತ್ತಿಲ್ಲ, ಅಭಿಮಾನಕ್ಕೂ ಒಂದಿಷ್ಟು ಹಣ ಕೊಡಬೇಕಾಗುತ್ತದೆ. ನಾನೂ ಕೊಟ್ಟವನೇ. ಈಗ ಹೈಸ್ಕೂಲು ಸೇರಿದ ಮಗಳು ಹಿಂದೆ ಕುಳಿತು ತನ್ನ ಮಂಡಿಯಿಂದ ನನ್ನ ಬೆನ್ನನ್ನು ಒತ್ತುತ್ತಿರುತ್ತಾಳೆ.